ಆಕಾಶ ಬಂದ್: ವಯಾ ಚಾರ್ಮಾಡಿ

ವಿಮಾನದ ವಿಷಯದಲ್ಲಿ ನನಗಿರುವ ಅನುಭವ ಇಷ್ಟೇ: ಒಮ್ಮೆ ಅಕ್ಕನ ಮಗನನ್ನು ಬಿಡಲು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗಿದ್ದಾಗ ಬೇಲಿಯ ಹೊರಗೆ ನಿಂತು ಒಂದನ್ನು ನೋಡಿದ್ದೇನೆ. ಅದಕ್ಕೆ ಕಂಡಕ್ಟರ್ ಇರಲಿಲ್ಲ, ಯಾರೂ ವಿಸಿಲ್ ಊದಲಿಲ್ಲ, ಬಾಗಿಲಲ್ಲಿ ಒಬ್ಬನೂ ನೇತಾಡುತ್ತಿರಲಿಲ್ಲ. ಇಷ್ಟು ಶಿಸ್ತಿನ ವಾಹನವನ್ನು ನಡೆಸುವುದು ಏನು ಮಹಾ ಕೆಲಸ ಎಂದು ನನಗೆ ಆಗಲೇ ಅನಿಸಿತ್ತು. ಹಾಗಾಗಿ ಯುದ್ಧ ಬಂದು ಗಲ್ಫಿನ ಆಕಾಶಕ್ಕೆ ಬೀಗ ಬಿದ್ದಾಗ ಮನೆಯವರೆಲ್ಲ ಗಾಬರಿಯಾದರು, ನಾನು ಆಗಲಿಲ್ಲ. ಸಂಚಾರ ಅಸ್ತವ್ಯಸ್ತವಾದಾಗ ಏನು ಮಾಡಬೇಕು ಎಂದು ತಿಳಿದವನು ನಮ್ಮ ಮನೆಯಲ್ಲಿ ಒಬ್ಬನೇ. ಅದು ನಾನು!

ನಾನು ಶೇಖರ. ನಿವೃತ್ತನಾಗುವ ತನಕ ಮೂಡುಬಿದಿರೆ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಟೈಮ್‌ಕೀಪರ್ ಆಗಿದ್ದೆ. ಯಾವ ಬಸ್ಸು ಯಾವಾಗ ಹೊರಡಬೇಕು, ಯಾವುದು ಯಾವುದರ ಹಿಂದೆ ನಿಲ್ಲಬೇಕು ಎಂದು ತೀರ್ಮಾನಿಸುವ ಹುದ್ದೆ ಅದು. ನಾನು ವಿಸಿಲ್ ಊದಿದ ಮೇಲೆ ಬಸ್ಸು ನಿಲ್ಲುವಂತಿಲ್ಲ. ಕಾಲೇಜಿನ ಮಕ್ಕಳು ಓಡಿ ಬರಲಿ, ಪ್ರಿನ್ಸಿಪಾಲರೇ ಓಡಿ ಬರಲಿ, ಟೈಮ್ ಅಂದರೆ ಟೈಮ್!

ಒಮ್ಮೆ ನನ್ನ ಸ್ವಂತ ಅಕ್ಕ ಗಿರಿಜಕ್ಕ, ಸುತ್ತಿದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಡಲೆಂದು ಚೀಲ ಹಿಡಿದುಕೊಂಡು "ಶೇಖರಾ, ಒಂದು ನಿಮಿಷ ನಿಲ್ಸು ಮಾರಾಯ!" ಎಂದು ಕೂಗುತ್ತ ಓಡಿ ಬಂದಳು. ನಾನು ಅವಳ ಮುಖವನ್ನೇ ನೋಡುತ್ತ ವಿಸಿಲ್ ಊದಿದೆ. ಬಸ್ಸು ಹೋಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ನಾನು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದೆ. ಅಕ್ಕ ಅದೇ ಕಥೆಯನ್ನು ಮನೆಗೆ ಬಂದ ನೆಂಟರಿಗೆಲ್ಲ ಹೇಳಿ ನನ್ನ ಮಾನ ತೆಗೆಯುತ್ತಿದ್ದಳು. ಕಥೆ ಒಂದೇ, ಹೇಳುವಾಗಿನ ನಗು ಮಾತ್ರ ಬೇರೆ ಬೇರೆ.

ಭಾವ ತೀರಿಕೊಂಡ ಮೇಲೆ ಅಕ್ಕ ನಮ್ಮ ಜೊತೆಗೇ ಇದ್ದಳು. ಬೀಡಿ ಸುತ್ತಿಯೇ ಮಗ ಪ್ರವೀಣನನ್ನು ಐಟಿಐ ಓದಿಸಿದಳು. ಅವನು ದುಬೈಯಲ್ಲಿ ಎ.ಸಿ. ರಿಪೇರಿಯ ಕೆಲಸದಲ್ಲಿದ್ದ. ಸ್ಟ್ಯಾಂಡಿನ ಎದುರು ಚಪ್ಪಲಿ ಅಂಗಡಿ ಇಟ್ಟುಕೊಂಡಿರುವ ಪಾಣೆಮಂಗಳೂರಿನ ಹಂಝ ಸಾಹೇಬರ ಮಗ ಅಶ್ರಫ್ ಅವನ ರೂಮಿನಲ್ಲೇ ಇದ್ದ. ಈ ವರ್ಷ ಅಕ್ಕನ ಮೂತ್ರಪಿಂಡ ಕೈಕೊಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರರು ನನ್ನನ್ನು ಹೊರಗೆ ಕರೆದು, "ಮಗನಿಗೆ ಬರ್ಲಿಕ್ಕೆ ಹೇಳಿ. ತಡ ಮಾಡುವುದು ಬೇಡ" ಎಂದರು. ಪ್ರವೀಣ ರಜೆ ಪಡೆದ, ಟಿಕೆಟ್ ಮಾಡಿಸಿದ. ಹೊರಡುವ ಹಿಂದಿನ ದಿನ ಆಕಾಶ ಬಂದ್ ಆಯಿತು.

ಟಿವಿಯಲ್ಲಿ ವಿವರಿಸಿದರು. ಅಲ್ಲಿನ ಸರಕಾರಗಳು ಆಕಾಶವನ್ನು ತಮ್ಮ ಕೈಗೆ ತೆಗೆದುಕೊಂಡಿವೆ. ಯಾವ ಕಂಪನಿಯ ವಿಮಾನವಾದರೂ ಅವರು ಹೇಳದೆ ಮೇಲೇಳುವಂತಿಲ್ಲ, ಕೆಳಗಿಳಿಯುವಂತಿಲ್ಲ. ನಮ್ಮ ಸರಕಾರ ವಿಶೇಷ ವಿಮಾನ ಕಳಿಸುತ್ತದೆ; ರಾಯಭಾರ ಕಚೇರಿಗೆ ಹೆಸರು ಕೊಡಬೇಕು; ಬಸುರಿಯರು, ಕಾಯಿಲೆಯವರು, ಮನೆಯಲ್ಲಿ ತೀರಾ ತುರ್ತು ಇರುವವರು ಮೊದಲು. ಕರೆಯುವ ತನಕ ಎಲ್ಲರೂ ಇದ್ದಲ್ಲೇ ಇರಬೇಕು.

ಇಡೀ ಆಕಾಶಕ್ಕೆ ಸರಕಾರವೇ ಟೈಮ್‌ಕೀಪರ್! ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಮೊದಲನೆಯ ದಿನ ನಾನು ಯಾರಿಗೂ ತಲೆ ಕೆಡಿಸಿಕೊಳ್ಳಲು ಬಿಡಲಿಲ್ಲ. ನಮ್ಮ ಜಿಲ್ಲೆಯಲ್ಲಿ ನಾನು ಎಷ್ಟು ಬಂದ್ ನೋಡಿಲ್ಲ? ಬೆಳಿಗ್ಗೆ ಟಯರು ಸುಡುತ್ತಾರೆ, ಮಧ್ಯಾಹ್ನ ಮಲಗುತ್ತಾರೆ, ಸಂಜೆ ಆರಕ್ಕೆ ಅಂಗಡಿಯ ಶಟರು ತಾನಾಗಿ ಮೇಲೇಳುತ್ತದೆ. ಆಸ್ಪತ್ರೆಯಲ್ಲಿ ಅಕ್ಕನಿಗೂ ಹಾಗೆಯೇ ಹೇಳಿದೆ.

"ಆರು ಗಂಟೆ ಆಗ್ಲಿ ಅಕ್ಕ. ಎಲ್ಲ ಬಿಡ್ತಾರೆ."

"ಯುದ್ಧಕ್ಕೂ ಆರು ಗಂಟೆಗೆ ಬಿಡುವ ಕ್ರಮ ಉಂಟಾ?" ಎಂದು ಅಕ್ಕ ಕೇಳಿದಳು.

ನಾನು ಆರು ಗಂಟೆಗೆ ಸರಿಯಾಗಿ ಟಿವಿಯ ಎದುರು ಕುಳಿತೆ. ಆರು ಗಂಟೆಗೆ ಇನ್ನೂ ಎರಡು ದೇಶಗಳ ಆಕಾಶ ಮುಚ್ಚಿದ ಸುದ್ದಿ ಬಂತು.

ಮರುದಿನ ವಶೀಲಿಗೆ ಹೊರಟೆ. ನಮ್ಮ ವಾರ್ಡಿನ ಪುರಸಭೆ ಸದಸ್ಯ ಒಂದು ಕಾಲದಲ್ಲಿ ನನ್ನ ಸ್ಟ್ಯಾಂಡಿನಲ್ಲೇ ಬಸ್ ಏಜೆಂಟ್ ಆಗಿದ್ದವನು. ಅವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ, ಚಾ ಕೊಟ್ಟ, ಆಮೇಲೆ ಕೈ ಮುಗಿದ.

"ಶೇಖರಣ್ಣ, ದಾರಿದೀಪ ಹೋಗಿದ್ರೆ ಹೇಳಿ, ಈಗಲೇ ಹಾಕಿಸ್ತೇನೆ. ಆದ್ರೆ ಆಕಾಶ ನನ್ನ ವಾರ್ಡಿಗೆ ಬರುವುದಿಲ್ಲ ಮಾರಾಯ್ರೆ!"

ಅಲ್ಲಿಂದ ವಾಪಸು ನಡೆದು ಬರುವಾಗ ನನಗೆ ಆ ಪರಿಹಾರ ಹೊಳೆಯಿತು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ರಸ್ತೆ ಬಂದ್ ಆದರೆ ನಾವು ಏನು ಮಾಡುತ್ತೇವೆ? ಬೆಂಗಳೂರಿಗೆ ಹೋಗುವುದನ್ನು ಬಿಡುತ್ತೇವೆಯೇ? ಇಲ್ಲ! ಬೆಳ್ತಂಗಡಿಗೆ ಹೋಗಿ, ಉಜಿರೆ ದಾಟಿ, ಚಾರ್ಮಾಡಿ ಘಾಟಿ ಹತ್ತುತ್ತೇವೆ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ 'ವಯಾ ಚಾರ್ಮಾಡಿ' ಎಂದು ನಾನೇ ಎಷ್ಟು ಸಲ ಬರೆದಿಲ್ಲ? ದುಬೈ ಎಂಬ ಶಿರಾಡಿ ಬಂದ್ ಆಗಿದೆ, ಅಷ್ಟೇ. ಪಕ್ಕದ ದೇಶದ ಮಸ್ಕತ್ ಎಂಬ ಚಾರ್ಮಾಡಿ ಇನ್ನೂ ತೆರೆದೇ ಇದೆ. ದುಬೈಯಿಂದ ಮಸ್ಕತ್ತಿಗೆ ಬಸ್ಸು ಬೇರೆ ಉಂಟು! ಬಸ್ಸು ಎಂಬ ಶಬ್ದ ಕೇಳಿದ ಮೇಲೆ ನನ್ನನ್ನು ಹಿಡಿಯುವವರು ಯಾರು?

ಪ್ರವೀಣನಿಗೆ ಫೋನ್ ಮಾಡಿ ಮಸ್ಕತ್ತಿನ ಬಸ್ಸು ಹತ್ತಲು ಹೇಳಿದೆ.

"ಮಾಮ, ಅಶ್ರಫ್ ಹೇಳ್ತಾನೆ, ಇಲ್ಲಿಯೇ ಇರುವ ಅಂತ. ಇಬ್ಬರದ್ದೂ ಹೆಸರು ಕೊಟ್ಟಾಗಿದೆ. ಅಮ್ಮನ ಡಾಕ್ಟರ ಚೀಟಿಯನ್ನೂ ಕಳಿಸಿದ್ದೇವೆ. ಕರೀತಾರಂತೆ."

"ಸ್ಟ್ಯಾಂಡಿನಲ್ಲಿ ಇದ್ದಲ್ಲೇ ನಿಂತವನಿಗೆ ಸೀಟು ಸಿಕ್ಕಿದ್ದು ನಾನು ನೋಡ್ಲಿಲ್ಲ ಮಗಾ! ಅಶ್ರಫ್‌ಗೆ ಬಸ್ಸಿನ ವಿಷಯ ಎಂಥ ಗೊತ್ತುಂಟು?"

"ಇದು ವಿಮಾನ ಅಲ್ವಾ ಮಾಮ?"

"ಎರಡಕ್ಕೂ ಟಯರ್ ಉಂಟು!"

ನಮ್ಮದು ಅಳಿಯಕಟ್ಟಿನ ಜಾತಿ. ತಾಯಿಯ ತಮ್ಮ ಹೇಳಿದ ಮಾತನ್ನು ಅಕ್ಕನ ಮಗ ತೆಗೆದುಹಾಕುವ ಕ್ರಮ ಇಲ್ಲ. ಆಸ್ತಿ ಪಾಸ್ತಿ ಏನೂ ಇಲ್ಲದ ನಮ್ಮ ಮನೆಯಲ್ಲಿ ಮಾಮನಿಗೆ ಉಳಿದಿದ್ದ ಅಧಿಕಾರ ಅದೊಂದೇ, ಅದನ್ನು ನಾನು ಆ ದಿನ ಪೂರ್ತಿ ಚಲಾಯಿಸಿದೆ. "ಆಯ್ತು ಮಾಮ, ನೀವು ಹೇಳಿದ ಹಾಗೆ" ಎಂದ ಅವನು.

ಆಸ್ಪತ್ರೆಗೆ ಹೋಗಿ ಅಕ್ಕನಿಗೆ ನನ್ನ 'ವಯಾ ಚಾರ್ಮಾಡಿ' ಉಪಾಯ ಹೇಳಿದೆ. ನನ್ನ ಹೆಂಡತಿ ಸರೋಜ ಅವಳಿಗೆ ಚಮಚದಲ್ಲಿ ಗಂಜಿ ತಿಳಿ ಕುಡಿಸುತ್ತಿದ್ದಳು.

"ಅವನನ್ನು ಓಡಿಸ್ಬೇಡ ಮಾರಾಯ" ಎಂದಳು ಅಕ್ಕ. "ಇದ್ದಲ್ಲಿ ಇರ್ಲಿ. ಕರೀತೇವೆ ಅಂದಿದ್ದಾರಲ್ಲ?"

"ನಿಮಗೆ ಎಂಥ ಮರ್ಲಾ?" ಎಂದಳು ಸರೋಜ. "ಅಷ್ಟು ದೊಡ್ಡ ಸರಕಾರ ಇದ್ದಲ್ಲೇ ಇರಿ ಅಂತ ಹೇಳಿದೆ. ನೀವು ಮೂಡುಬಿದ್ರೆಯಲ್ಲಿ ಕೂತ್ಕೊಂಡು ಹೊರಡು ಅಂತ ಹೇಳುವುದಾ?"

ಹೆಂಗಸರಿಗೆ ರೂಟ್ ಗೊತ್ತಿರುವುದಿಲ್ಲ ಎಂದು ನಾನು ಇಬ್ಬರನ್ನೂ ಕ್ಷಮಿಸಿದೆ.

ಪ್ರವೀಣ ಬಸ್ಸು ಹತ್ತಿದ. ಗಡಿಯಲ್ಲಿ ನೋಡಿದರೆ ದುಬೈಯೆಲ್ಲ ವಯಾ ಚಾರ್ಮಾಡಿ ಹೊರಟಿತ್ತು! ಪಾಸ್‌ಪೋರ್ಟು ಹಿಡಿದವರ ಸಾಲು ಮರಳಿನೊಳಗೆ ಎಲ್ಲಿಗೋ ಹೋಗಿ ಕಾಣೆಯಾಗಿತ್ತಂತೆ. ಇದೇ ಐಡಿಯಾ ಇಷ್ಟು ಜನ ಮಾಮಂದಿರಿಗೆ ಒಟ್ಟಿಗೆ ಹೊಳೆದದ್ದು ಹೇಗೆ ಎಂದು ನನಗೆ ಇಂದಿಗೂ ಆಶ್ಚರ್ಯ. ಅಂತೂ ಬಿಸಿಲಲ್ಲಿ ಬೆಂದು ಮಸ್ಕತ್ ಮುಟ್ಟಿದ. ಅಲ್ಲಿ ವಿಮಾನ ನಿಲ್ದಾಣ ತುಂಬಿ ತುಳುಕುತ್ತಿತ್ತು. ಹೊರಡುವುದು ಬೆರಳೆಣಿಕೆಯ ವಿಮಾನ, ಅದೂ ಅಲ್ಲಿ ಮೊದಲೇ ಹೆಸರು ಕೊಟ್ಟವರಿಗೆ. ನಮ್ಮವನ ಹೆಸರು ದುಬೈಯಲ್ಲಿತ್ತು. ಇಲ್ಲಿ ಹೊಸದಾಗಿ ಕೊಟ್ಟು ಎಲ್ಲರ ಹಿಂದೆ ನಿಲ್ಲಬೇಕಾಯಿತು.

"ಮಾಮ, ವಾಪಸು ದುಬೈಗೆ ಹೋಗ್ತೇನೆ" ಎಂದ. ಅವನ ಸ್ವರ ಸಣ್ಣದಾಗಿತ್ತು.

ಇಲ್ಲಿ ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ಟೈಮ್‌ಕೀಪರಿನ ಮೆದುಳು ಸುಮ್ಮನಿರುವುದಿಲ್ಲ. ಚಾರ್ಮಾಡಿಯೂ ಜಾಮ್ ಆದರೆ? ಆಗುಂಬೆ! ಫೋನಿನ ಭೂಪಟದಲ್ಲಿ ಬೆರಳಾಡಿಸಿ ಹುಡುಕಿದೆ. ಅದೇ ದೇಶದ ಕೆಳಗಿನ ತುದಿಯಲ್ಲಿ ಸಲಾಲ ಎಂಬ ಊರು ಸಿಕ್ಕಿತು, ಅಲ್ಲಿಯೂ ವಿಮಾನ ನಿಲ್ದಾಣ ಇತ್ತು. ಭೂಪಟದಲ್ಲಿ ಮಸ್ಕತ್ತಿಗೂ ಅದಕ್ಕೂ ಒಂದು ಹೆಬ್ಬೆರಳಿನಷ್ಟು ಅಂತರ. ಮೂಡುಬಿದಿರೆಯಿಂದ ವಯಾ ಸಿದ್ದಕಟ್ಟೆ ಬಂಟ್ವಾಳಕ್ಕೆ ಹೋದಷ್ಟು ಎಂದುಕೊಂಡೆ. "ಸಲಾಲಕ್ಕೆ ಹೋಗು" ಎಂದು ಆಜ್ಞೆ ಮಾಡಿದೆ. ಆ ಹೆಬ್ಬೆರಳಿನ ಕೆಳಗೆ ಒಂದು ಇಡೀ ಮರುಭೂಮಿ ಇತ್ತು ಎಂದು ನನಗೆ ಆಮೇಲೆ ತಿಳಿಯಿತು.

ಮರುದಿನ ಹಂಝ ಸಾಹೇಬರು ಅಂಗಡಿ ಬಿಟ್ಟು ನಮ್ಮ ಮನೆಗೆ ಓಡಿ ಬಂದರು. ಮುಖದಲ್ಲಿ ಬೆವರು.

"ಶೇಖರಣ್ಣ, ಕರೆದ್ರು! ಅಶ್ರಫ್‌ಗೂ ಪ್ರವೀಣನಿಗೂ, ಇಬ್ಬರಿಗೂ ಕರೆದ್ರು! ಈಗಲೇ ಬರ್ಬೇಕಂತೆ, ನೇರ ಮಂಗಳೂರಿಗೆ ವಿಮಾನ. ಅಶ್ರಫ್ ಪ್ರವೀಣನಿಗೆ ಫೋನ್ ಮಾಡಿ ಮಾಡಿ ಸಾಕಾಯ್ತು. ಸಿಗುವುದಿಲ್ಲ. ಅವನು ಎಲ್ಲಿದ್ದಾನೆ?"

ಅವನು ಮರುಭೂಮಿಯ ನಡುವೆ ಒಂದು ಬಸ್ಸಿನಲ್ಲಿದ್ದ. ಫೋನಿಗೆ ಸಿಗ್ನಲ್ ಇರಲಿಲ್ಲ. ಅಲ್ಲಿಗೆ ಅವನನ್ನು ಹತ್ತಿಸಿದ ಟೈಮ್‌ಕೀಪರ್ ಇಲ್ಲಿ ಲುಂಗಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ನಾನೂ ಫೋನ್ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಒಂದು ಹೆಣ್ಣು ಸ್ವರ ಅರಬಿಯಲ್ಲಿ ಏನೋ ಹೇಳುತ್ತಿತ್ತು. ಬೈಯುತ್ತಿರಬೇಕು ಎಂದುಕೊಂಡೆ, ಬೈದರೆ ಸರಿಯೇ.

"ವಿಮಾನಕ್ಕೆ ಸ್ವಲ್ಪ ನಿಲ್ಲಿಕ್ಕೆ ಹೇಳಿದ್ರೆ?" ಎಂದು ಸಾಹೇಬರನ್ನು ಕೇಳಿದೆ. ಎಂಥ ಪ್ರಶ್ನೆ! ಕೇಳಿದವನು ಯಾರು!

ಹಂಝ ಸಾಹೇಬರು ನನ್ನ ಹೆಗಲ ಮೇಲೆ ಕೈ ಇಟ್ಟರು. ಪ್ರವೀಣನ ಸೀಟಿನಲ್ಲಿ ಬೇರೆ ಯಾರೋ ಬಂದರು. ಅವರ ಮನೆಯಲ್ಲೂ ಯಾರೋ ಕಾಯುತ್ತಿದ್ದಿರಬಹುದು. ಅವರಿಗಾದರೂ ಒಳ್ಳೆಯದಾಗಿರಲಿ.

ಅಶ್ರಫ್ ಬಜ್ಪೆಯಲ್ಲಿ ಇಳಿದು, ಪಾಣೆಮಂಗಳೂರಿನ ತನ್ನ ಮನೆಗೂ ಹೋಗದೆ, ಪೆಟ್ಟಿಗೆ ಸಮೇತ ಆಸ್ಪತ್ರೆಗೆ ಬಂದ. ಅಕ್ಕ ಆಗ ಕಣ್ಣು ಮುಚ್ಚಿ ಮಲಗಿದ್ದಳು. ಅವನು ಮಂಚದ ಹತ್ತಿರ ಕುಳಿತು ಅವಳ ಕೈ ಹಿಡಿದ. ನಾನು ಒಂದು ನೀಚ ಆಸೆಪಟ್ಟೆ. ಮಂಪರಿನಲ್ಲಿ ಇವನನ್ನೇ ಮಗ ಎಂದುಕೊಳ್ಳಲಿ, ಅಷ್ಟಕ್ಕೆ ಸಮಾಧಾನ ಆಗಲಿ ಎಂದು. ಆದರೆ ಗಿರಿಜಕ್ಕ ಎಲೆಯ ಅಂಚು ಮುಟ್ಟಿ ನೋಡಿಯೇ ಒಳ್ಳೆಯ ಬೀಡಿ ಎಲೆ ಆರಿಸಿದವಳು. ಅವಳಿಗೆ ಕೈ ಗುರುತು ತಪ್ಪುವುದಿಲ್ಲ.

"ಅಶ್ರಫ್ ಅಲ್ವಾ?" ಎಂದಳು ಕಣ್ಣು ತೆರೆಯದೆಯೇ. "ಊಟ ಮಾಡಿದ್ಯಾ ಮಗಾ?"

"ಆಯ್ತು ಅಮ್ಮ. ಪ್ರವೀಣ ಬರ್ತಾ ಇದ್ದಾನೆ" ಎಂದ ಅಶ್ರಫ್.

"ಗೊತ್ತುಂಟು. ಅವನು ಚಾರ್ಮಾಡಿಯಲ್ಲಿ ಬರ್ತಾನೆ. ಸ್ವಲ್ಪ ತಡ ಆಗ್ತದೆ."

ಹೀಗೆ ಹೇಳಿ ಅಕ್ಕ ನಕ್ಕಳು. ನೆಂಟರೆದುರು ನನ್ನ ಮಾನ ತೆಗೆಯುವಾಗ ನಗುತ್ತಿದ್ದಳಲ್ಲ, ಅದೇ ನಗು. ನಾನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಒಬ್ಬ ನರ್ಸ್ ಬಂದು ದಾರಿಯಲ್ಲಿ ಕೂರಬಾರದು ಎಂದು ಎಬ್ಬಿಸಿದಳು. ಸರಿಯೇ, ಅಲ್ಲಿಯೂ ನಾನು ಸಂಚಾರಕ್ಕೆ ಅಡ್ಡವಾಗಿದ್ದೆ.

ಅತ್ತ ಸಲಾಲ ಮುಟ್ಟಿದ ಪ್ರವೀಣ ಈ ಸಲ ನನಗೆ ಫೋನ್ ಮಾಡಲಿಲ್ಲ. ಸರೋಜಳಿಗೆ ಮಾಡಿದ. "ಮಾಮಿ, ಇಲ್ಲಿಂದ ಬೆಂಗಳೂರಿಗೆ ಒಂದು ವಿಮಾನ ಬಿಡ್ತಾರಂತೆ. ಇಲ್ಲಿ ಹೆಸರು ಕೊಟ್ಟಿದ್ದೇನೆ. ಇನ್ನು ಇಲ್ಲಿಂದ ಅಲ್ಲಾಡುವುದಿಲ್ಲ" ಎಂದನಂತೆ. 'ಮಾಮನಿಗೆ ಹೇಳ್ಬೇಡಿ' ಎಂದೂ ಹೇಳಿದ್ದನೇ ಎಂದು ನಾನು ಕೇಳಲಿಲ್ಲ. ಸರೋಜ ಹೇಳಲೂ ಇಲ್ಲ.

ಮರುದಿನ ಬೆಳಿಗ್ಗೆ ಅಕ್ಕನ ಹತ್ತಿರ ನಾನೊಬ್ಬನೇ ಇದ್ದೆ. ಉಸಿರು ಎಳೆಯುತ್ತಿತ್ತು. ನನ್ನನ್ನು ಹತ್ತಿರ ಕರೆದಳು.

"ಶೇಖರಾ, ಅವನು ಹೊರಟನಂತಾ?"

"ಹೊರಡ್ತಾನೆ ಅಕ್ಕ. ಬೆಂಗಳೂರಿಗೆ ಬರ್ತಾನೆ."

"ನಿನ್ನ ಜನ್ಮದಲ್ಲಿ ನೀನು ಒಂದು ಬಸ್ಸು ನಿಲ್ಲಿಸಿದವನಲ್ಲ" ಎಂದಳು. ನಡುನಡುವೆ ಉಸಿರು ತೆಗೆದುಕೊಳ್ಳುತ್ತ ಹೇಳಿದಳು. "ನನ್ನದೊಂದು ಸ್ವಲ್ಪ ನಿಲ್ಲಿಸ್ತೀಯಾ? ಮಗು ಓಡಿಕೊಂಡು ಬರ್ತಾ ಉಂಟು."

ನಾನು ಡಾಕ್ಟರರನ್ನು ಕರೆಯಲು ಓಡಿದೆ. ನರ್ಸನ್ನು ಕರೆದೆ. ಆಮ್ಲಜನಕದ ಕೊಳವೆಯನ್ನು ನಾನೇ ಹಿಡಿದು ಸರಿಮಾಡಹೋಗಿ ಬೈಸಿಕೊಂಡೆ. ಎಲ್ಲರೂ ಬಂದರು, ಮಾಡುವುದನ್ನೆಲ್ಲ ಮಾಡಿದರು. ನಿಲ್ಲಲಿಲ್ಲ.

ಮನೆಯ ಅಂಗಳದಲ್ಲಿ ಅಕ್ಕನನ್ನು ಮಲಗಿಸಿದೆವು. ನೆಂಟರು ಬಂದರು, ಸ್ಟ್ಯಾಂಡಿನ ಡ್ರೈವರು ಕಂಡಕ್ಟರುಗಳು ಬಂದರು. ಆ ದಿನ ಪೂರ್ತಿ ಕಾದೆವು. ಪ್ರವೀಣ ವಿಮಾನ ಹತ್ತಿದ್ದಾನೆ ಎಂಬ ಸುದ್ದಿ ಬಂತು, ಮರುದಿನ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದ ಸುದ್ದಿ ಬಂತು. ಮಧ್ಯಾಹ್ನ ಕುಟುಂಬದ ಹಿರಿಯರು ಎದ್ದು ನಿಂತರು.

"ಶೇಖರ, ಇನ್ನು ಇಡ್ಲಿಕ್ಕೆ ಆಗುವುದಿಲ್ಲ. ಹೊತ್ತು ಮೀರ್ತಾ ಉಂಟು. ನೀನೇ ಕೊಳ್ಳಿ ಇಡು. ನೀನು ತಮ್ಮ ಅಲ್ವಾ?"

"ಇಲ್ಲ" ಎಂದೆ. "ನಿಲ್ಲಿ."

"ಎಷ್ಟು ಹೊತ್ತು ಅಂತ ನಿಲ್ಲುವುದು? ಟೈಮ್ ಅಂತ ಉಂಟಲ್ಲ?"

ನನ್ನ ಮಾತನ್ನೇ ನನಗೆ ತಿರುಗಿಸಿ ಕೊಟ್ಟರು. ನಾನು ಗೇಟಿಗೆ ಅಡ್ಡ ನಿಂತೆ. ಕೈ ಎರಡೂ ಅಗಲ ಮಾಡಿ, ಬಸ್ಸಿನ ಮುಂದೆ ನಿಲ್ಲುವ ಹಾಗೆ ನಿಂತೆ. "ಅವನು ಬಾರದೆ ಇದು ಹೊರಡುವುದಿಲ್ಲ" ಎಂದು ಕಿರುಚಿದೆ. ಹಿರಿಯರು ಗೊಣಗಿದರು, ಕುಳಿತರು. ಹಂಝ ಸಾಹೇಬರು ಎಲ್ಲರಿಗೂ ನೀರು ಕೊಡಿಸಿದರು. ಅಂತೂ ಜೀವಮಾನದಲ್ಲಿ ಒಂದನ್ನು ನಿಲ್ಲಿಸಿದೆ. ನಿಲ್ಲಿಸಬೇಕಾದದ್ದು ಹೊರಟುಹೋದ ಮೇಲೆ.

ಬಿಸಿಲು ಇಳಿಯುವ ಹೊತ್ತಿಗೆ ಒಂದು ಬಾಡಿಗೆ ಕಾರು ಬಂತು. ಪ್ರವೀಣ ಇಳಿದ. ಮೈಯೆಲ್ಲ ಧೂಳು, ಅಂಗಿ ನಾಲ್ಕು ದಿನದ್ದಿರಬೇಕು. ತಾಯಿಯ ಮುಖ ನೋಡಿದ, ಕಾಲು ಹಿಡಿದು ಕುಳಿತ. ತುಂಬ ಹೊತ್ತಿನ ನಂತರ ಸರೋಜ ಅವನಿಗೆ ನೀರು ಕೊಟ್ಟು, ಏನಾದರೂ ಮಾತಾಡಿಸಬೇಕು ಎಂದು, "ಯಾವ ದಾರಿಯಲ್ಲಿ ಬಂದೆ ಮಗಾ?" ಎಂದು ಕೇಳಿದಳು.

"ಚಾರ್ಮಾಡಿಯಲ್ಲಿ ಮಾಮಿ. ಶಿರಾಡಿ ಬಂದ್ ಉಂಟಂತೆ."

ಅಂಗಳದಲ್ಲಿದ್ದವರೆಲ್ಲ ನನ್ನ ಕಡೆ ನೋಡದಿರಲು ಪ್ರಯತ್ನಪಟ್ಟರು. ಬೇರೆ ದಿನವಾಗಿದ್ದರೆ ನಾನು ಎದೆಯುಬ್ಬಿಸಿ 'ನಾನು ಹೇಳಿರ್ಲಿಲ್ವಾ?' ಎನ್ನುತ್ತಿದ್ದೆ.

ಪ್ರವೀಣ ನನಗೆ ಬೈಯಲಿಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಕೆಲಸಗಳೆಲ್ಲ ಮುಗಿಯುವ ತನಕ ಜೊತೆಗಿದ್ದ, ಒಂದೇ ಬಟ್ಟಲಿನಿಂದ ಗಂಜಿಗೆ ಉಪ್ಪಿನಕಾಯಿ ಹಂಚಿಕೊಂಡು ತಿಂದ, 'ಮಾಮ' ಎಂದು ಮೊದಲಿನ ಹಾಗೆಯೇ ಕರೆದ. ಒಂದು ಮಾತು ಬೈದಿದ್ದರೆ ನಾನೂ ಒಂದು ಮಾತು ಹೇಳಿ ಹಗುರಾಗುತ್ತಿದ್ದೆ. ಅವನು ಅವಕಾಶವನ್ನೇ ಕೊಡಲಿಲ್ಲ. 'ತಪ್ಪಾಯ್ತು ಮಗಾ' ಎಂಬ ಎರಡು ಶಬ್ದಗಳನ್ನು ನಾನು ದಿನವೂ ಬೆಳಿಗ್ಗೆ ಬಾಯಿಗೆ ತರುತ್ತಿದ್ದೆ, ಚಾದ ಜೊತೆ ನುಂಗುತ್ತಿದ್ದೆ.

ಆಕಾಶ ತೆರೆಯಿತು. ಪ್ರವೀಣ ವಾಪಸು ಹೊರಡಬೇಕಾಯಿತು. ಕಾರು ಮಾಡುವ ಎಂದೆ.

"ಬೇಡ ಮಾಮ, ಬಸ್ಸಲ್ಲೇ ಹೋಗ್ತೇನೆ. ಕೈಕಂಬದಲ್ಲಿ ಇಳಿದ್ರೆ ಬಜ್ಪೆಗೆ ರಿಕ್ಷಾ ಸಿಗ್ತದೆ. ಅಮ್ಮ ಯಾವಾಗಲೂ ಬಸ್ಸಲ್ಲೇ ಅಲ್ವಾ ಬಿಡ್ಲಿಕ್ಕೆ ಬರ್ತಾ ಇದ್ದದ್ದು?" ಎಂದ. ಆಮೇಲೆ ನನ್ನ ಮುಖ ನೋಡಿ, ನನಗೆ ಒಂದು ಮರ್ಯಾದೆ ಕೊಡುವ ಹಾಗೆ, "ಬಸ್ಸು ಎಷ್ಟು ಗಂಟೆಗೆ ಉಂಟು ಮಾಮ?" ಎಂದು ಕೇಳಿದ.

ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವವನು ನಾನು. "ನನಗೆ ಗೊತ್ತಿಲ್ಲ ಮಗಾ. ಸ್ಟ್ಯಾಂಡಿನಲ್ಲಿ ಕೇಳುವ" ಎಂದೆ.

ಸ್ಟ್ಯಾಂಡಿನಲ್ಲಿ ಈಗ ಸತೀಶ ಎಂಬವನು ಟೈಮ್‌ಕೀಪರ್. ನಾನೇ ಕೆಲಸ ಕಲಿಸಿದವನು. ಬಸ್ಸು ತೋರಿಸಿದ, ಪ್ರವೀಣ ಹತ್ತಿ ಕಿಟಕಿಯ ಹತ್ತಿರ ಕುಳಿತ. ನಾನು ಕೆಳಗೆ ನಿಂತೆ. ಕಂಡಕ್ಟರ್ "ಕೈಕಂಬ, ಮಂಗಳೂರು" ಎಂದು ಕೂಗುತ್ತಿದ್ದ. ಕಿಟಕಿಯ ಸರಳು ಹಿಡಿದೆ. ಇಷ್ಟು ದಿನ ಬಾರದ ಮಾತು ಈಗ ಗಂಟಲಿಗೆ ಬಂತು.

"ಪ್ರವೀಣಾ, ಅವತ್ತು ನಾನು ನಿನಗೆ..."

ಬಸ್ಸು ಗುರ್ರೆಂದಿತು. ಸತೀಶ ಗಡಿಯಾರ ನೋಡಿ ವಿಸಿಲ್ ಬಾಯಿಗಿಟ್ಟ.

"ಸತೀಶಾ, ಒಂದು ನಿಮಿಷ ನಿಲ್ಸು ಮಾರಾಯ!" ಎಂದು ಕೂಗಿದೆ.

ಅವನು ನನ್ನ ಮುಖವನ್ನೇ ನೋಡುತ್ತ ವಿಸಿಲ್ ಊದಿದ. "ರೈಟ್, ಪೋಯಿ!" ಎಂದು ಕಂಡಕ್ಟರ್ ಬಾಗಿಲು ಬಡಿದ. ಸರಳು ನನ್ನ ಕೈಯಿಂದ ಜಾರಿತು. "ಎಂಥ ಮಾಮ? ಕೇಳ್ಲಿಲ್ಲ!" ಎಂದು ಪ್ರವೀಣ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ನಾನು ಕೈ ಬೀಸಿದೆ.

ಸತೀಶ ನಗುತ್ತ ಹತ್ತಿರ ಬಂದ. "ಟೈಮ್ ಅಂದ್ರೆ ಟೈಮ್ ಶೇಖರಣ್ಣ! ನಿಮ್ಮ ಅಕ್ಕನ ಕಥೆ ಹೇಳಿ ನೀವೇ ಕಲಿಸಿದ್ದಲ್ವಾ?"

"ಹೌದು" ಎಂದೆ. "ವೆರಿ ಗುಡ್ ಸತೀಶ."

ಬೇರೆ ಏನು ಹೇಳಲಿ?